ಖಾಲಿ ರೂಮಿನ ಬಲ್ಬು

“ಒತ್ತಿ ಒತ್ತಿ ನನ್ನ ಬೆರಳೇ ಸವೆದುಹೋಯ್ತು!” ಎಂದಳು ದೊಡ್ಡಮ್ಮ.

ಅವಳು ಬಾಗಿಲ ಮುಂದಿನ ಮೆಟ್ಟಿಲ ಮೇಲೆ, ತನ್ನ ಬಟ್ಟೆಯ ಬ್ಯಾಗನ್ನೇ ಕುರ್ಚಿ ಮಾಡಿಕೊಂಡು ಕೂತಿದ್ದಳು. ಸ್ಕೂಲಿನಿಂದ ಆಗತಾನೇ ಬಂದ ಬುಗುರಿಯೂ ಅವಳ ತಮ್ಮ ಪೀಪಿಯೂ ಕೆಳಗಿನ ಮೆಟ್ಟಿಲಲ್ಲೇ ನಿಂತುಬಿಟ್ಟರು. ದೊಡ್ಡಮ್ಮ ಬರುವ ಸುದ್ದಿ ಯಾರಿಗೂ ಗೊತ್ತಿರಲಿಲ್ಲ.

“ಬಟನ್ ಒತ್ತಿದೆ. ಬಾಗಿಲು ತಟ್ಟಿದೆ. ಕೂಗಿದೆ. ಪಕ್ಕದ ಮನೆಯವರು ಬಂದ್ರು, ಮೇಲಿನ ಮನೆಯವರು ಇಣುಕಿದ್ರು. ನಿಮ್ಮಜ್ಜಿ ಮಾತ್ರ ಬರಲಿಲ್ಲ! ನಿಮ್ಮಮ್ಮ ಫೋನ್ ಎತ್ತಲ್ಲ. ಒಳಗೆ ಏನಾಗಿದೆಯೋ ಅಂತ ನನ್ನ ಜೀವ ಬಾಯಿಗೆ ಬಂದಿದೆ. ಬೇಗ ತೆಗಿ ಬಾಗಿಲು!”

ಬುಗುರಿ ಬ್ಯಾಗಿನಿಂದ ಬೀಗದ ಕೈ ತೆಗೆದು ಬಾಗಿಲು ತೆರೆದಳು.

ಒಳಗೆ ಏನಾಗಿತ್ತು ಗೊತ್ತೇ? ಏನೂ ಆಗಿರಲಿಲ್ಲ. ಅಜ್ಜಿ ಕಿಟಕಿಯ ಪಕ್ಕ ಹೊಲಿಗೆ ಮಷಿನ್ನಿನ ಮುಂದೆ ಕೂತು, ಯಾವುದೋ ಹಳೆಯ ಹಾಡು ಗುನುಗುತ್ತ, ದಿಂಬಿನ ಕವರಿಗೆ ಅಂಚು ಹೊಲಿಯುತ್ತಿದ್ದಳು.

ತಲೆ ಎತ್ತಿ ನೋಡಿದವಳೇ, “ಅಯ್ಯೋ, ನೀನು ಯಾವಾಗ ಬಂದ್ಯೇ?” ಎಂದು ದೊಡ್ಡಮ್ಮನನ್ನು ಕಂಡು ಬಾಯಿತುಂಬ ನಕ್ಕಳು.

ದೊಡ್ಡಮ್ಮ ಅಜ್ಜಿಯ ದೊಡ್ಡ ಮಗಳು. ಬುಗುರಿಯ ಅಮ್ಮ ಚಿಕ್ಕ ಮಗಳು. ಬುಗುರಿ, ಪೀಪಿ ಎಂಬ ಹೆಸರುಗಳನ್ನು ಇಟ್ಟದ್ದು ಅಜ್ಜಿಯೇ. ಒಬ್ಬಳು ನಿಂತಲ್ಲಿ ನಿಲ್ಲುವುದಿಲ್ಲ ಎಂದು ಬುಗುರಿ. ಇನ್ನೊಬ್ಬ ಅತ್ತರೆ ಇಡೀ ಬೀದಿಗೆ ಕೇಳಿಸುತ್ತದೆ ಎಂದು ಪೀಪಿ. ಅವರ ನಿಜವಾದ ಹೆಸರುಗಳು ಸ್ಕೂಲಿನಲ್ಲಿ ಹಾಜರಿ ಕೂಗುವಾಗ ಮಾತ್ರ ಹೊರಬರುತ್ತಿದ್ದವು.

ಅಜ್ಜಿಗೆ ಕಿವಿ ಮಂದ. ಕಿವಿಗೆ ಹಾಕಿಕೊಳ್ಳುವ ಮಷಿನ್ ಇದೆ, ನಿಜ. ಆದರೆ ಅದನ್ನು ಹಾಕಿಕೊಂಡು ಹೊಲಿಯಲು ಕೂತರೆ ತಲೆಯೊಳಗೇ ರೈಲು ಓಡಿದ ಹಾಗಾಗುತ್ತದಂತೆ. ಅದಕ್ಕೆ ಹೊಲಿಗೆಯ ಹೊತ್ತಿನಲ್ಲಿ ಕಿವಿಯ ಮಷಿನ್ ಅದರ ಪುಟ್ಟ ಡಬ್ಬಿಯಲ್ಲಿ ನಿದ್ದೆ ಮಾಡುತ್ತದೆ. ಮನೆಯಲ್ಲಿ ಯಾರಾದರೂ ಜಗಳಕ್ಕೆ ನಿಂತರೂ ಅಷ್ಟೇ. ಅಜ್ಜಿ ಮೆಲ್ಲಗೆ ಮಷಿನ್ ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚುತ್ತಾಳೆ. ಅಲ್ಲಿಗೆ ಅವಳ ಪಾಲಿಗೆ ಜಗಳ ಮುಗಿಯಿತು.

ಹಗಲಲ್ಲಿ ಅಮ್ಮ ಔಷಧಿ ಅಂಗಡಿಯ ಕೆಲಸಕ್ಕೆ ಹೋಗುತ್ತಾಳೆ. ಅಪ್ಪ ದೂರದ ಊರಿನಲ್ಲಿ ಸೇತುವೆ ಕಟ್ಟುವ ಕಡೆ ಇದ್ದಾನೆ. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಮನೆಯಲ್ಲಿ ಅಜ್ಜಿ ಒಬ್ಬಳೇ. ಬೆಲ್ ಬಾರಿಸಿದರೆ ಅವಳಿಗೆ ಕೇಳಿಸುವುದಿಲ್ಲ. ಅದಕ್ಕೇ ಬುಗುರಿ ಸ್ಕೂಲಿನ ಸೈನ್ಸ್ ಕಿಟ್ ನೋಡಿ ನೋಡಿ, ಕಣ್ಣಿಗೆ ಕಾಣುವ ಬೆಲ್ ಮಾಡಿದ್ದಳು.

ಬಾಗಿಲ ಹೊರಗೆ ಒಂದು ಬಟನ್. ಬಾಗಿಲ ಹಿಂದೆ ಸೆಲ್ಲುಗಳ ಡಬ್ಬಿ. ಅಲ್ಲಿಂದ ಹೊರಟ ತಂತಿ ಗೋಡೆಯ ಅಂಚಿನಲ್ಲೇ ಹೋಗಿ ಅಡುಗೆಮನೆಯ ಒಂದು ಬಲ್ಬಿನೊಳಗೆ ಹೊಕ್ಕು ಹೊರಬಂದು, ಹೊಲಿಗೆ ಮಷಿನ್ನಿನ ಎದುರಿನ ಬಲ್ಬಿನೊಳಗೆ ಹೊಕ್ಕು ಹೊರಬಂದು, ಅಜ್ಜಿ ಮಲಗುವ ಹಿಂದಿನ ರೂಮಿನ ಬಲ್ಬನ್ನೂ ಹಾದು, ಮತ್ತೆ ಗೋಡೆಯ ಗುಂಟ ಡಬ್ಬಿಗೇ ವಾಪಸ್ ಬರುತ್ತಿತ್ತು. ಮೂರೂ ಟಾರ್ಚಿನ ಬಲ್ಬುಗಳು. ಮೂರಕ್ಕೂ ಕೆಂಪು ಪ್ಲಾಸ್ಟಿಕ್ ಲೋಟದ ಟೋಪಿ.

ಮೊದಲು ಎರಡು ಸೆಲ್ ಹಾಕಿದ್ದಳು. ಮೂರು ಬಲ್ಬುಗಳೂ ನಿದ್ದೆಗಣ್ಣಿನಲ್ಲಿ ಮಿಣುಕಿದವು. ಒಂದು ಬಲ್ಬಿಗೆ ಸಾಕಾಗುವಷ್ಟನ್ನು ಮೂರು ಜನ ಹಂಚಿಕೊಂಡರೆ ಇನ್ನೇನಾಗುತ್ತದೆ? ಬುಗುರಿ ಹಟಕ್ಕೆ ಬಿದ್ದು ಒಂದೊಂದೇ ಸೆಲ್ ಸೇರಿಸುತ್ತ ಹೋದಳು. ಆರು ಸೆಲ್ ಆದಾಗ ಮೂರೂ ಚೆನ್ನಾಗಿ ಹೊತ್ತಿಕೊಂಡವು. ಪೀಪಿ ಆ ದಿನ ಹೊರಗೆ ನಿಂತು ಬಟನ್ ಒತ್ತಿದ್ದೇ ಒತ್ತಿದ್ದು. ಅಜ್ಜಿ ಪ್ರತಿಸಲವೂ ಎದ್ದು ಬಂದು ಬಾಗಿಲು ತೆಗೆದು, “ಯಾರು ಸ್ವಾಮೀ ತಾವು?” ಎಂದು ಕೇಳಿದ್ದೇ ಕೇಳಿದ್ದು.

ಅಂಥ ಬೆಲ್ಲು ಈವತ್ತು ಕೈಕೊಟ್ಟಿತ್ತು.

ಸಂಜೆ ಅಮ್ಮ ಬಂದಳು. ಟೀ ಆಯಿತು. ಟೀ ಮುಗಿಯುವವರೆಗೂ ದೊಡ್ಡಮ್ಮ ತಡೆದುಕೊಂಡಿದ್ದಳು.

“ನೋಡೇ, ನಾನು ಸುಮ್ಮನೆ ಹೇಳ್ತಿಲ್ಲ. ಇವತ್ತು ಬಂದವಳು ನಾನು. ನಾಳೆ ಇನ್ಯಾರೋ ಬರ್ತಾರೆ. ಗ್ಯಾಸಿನವರು ಬರ್ತಾರೆ, ಡಾಕ್ಟರ ಕಡೆಯವರು ಬರ್ತಾರೆ. ಅಮ್ಮ ಒಳಗೆ ಜಾರಿ ಬಿದ್ದಿದ್ರೂ ನಾವು ಹೊರಗೆ ನಿಂತು ಹೀಗೇ ಬಟನ್ ಒತ್ತುತ್ತಾ ಇರಬೇಕಾ? ನಮ್ಮನೇಲಿ ಇಡೀ ದಿನ ಜನ ಇರ್ತಾರೆ. ಭಾನುವಾರ ಹೋಗೋವಾಗ ಅಮ್ಮನ್ನ ಕರಕೊಂಡು ಹೋಗ್ತೀನಿ.”

“ಎಷ್ಟು ದಿನಕ್ಕೆ ದೊಡ್ಡಮ್ಮಾ?” ಎಂದು ಕೇಳಿದಳು ಬುಗುರಿ.

“ಎಷ್ಟು ದಿನ ಅಂದ್ರೆ? ಇನ್ನು ಅಲ್ಲೇ ಇರ್ಲಿ.”

ಬುಗುರಿ ಅಮ್ಮನ ಮುಖ ನೋಡಿದಳು. ಅಮ್ಮ ಟೀ ಲೋಟ ನೋಡುತ್ತಿದ್ದಳು. ಅಮ್ಮ ‘ಬೇಡ’ ಎನ್ನಲಿಲ್ಲ.

“ಅದು ಒಂದೇ ದಿನ ಕೆಟ್ಟಿದೆ ದೊಡ್ಡಮ್ಮಾ. ನಾನು ರಿಪೇರಿ ಮಾಡ್ತೀನಿ.”

“ನೀನು ಜಾಣೆ ಕಂದಾ, ನಾನು ಇಲ್ಲ ಅಂದ್ನಾ? ಆದ್ರೆ ಆಟದ ಸಾಮಾನು ನಂಬಿಕೊಂಡು ವಯಸ್ಸಾದವರನ್ನ ಬಿಡೋಕಾಗುತ್ತಾ?”

ದೊಡ್ಡಮ್ಮ ಕೆಟ್ಟವಳಲ್ಲ. ಪ್ರೀತಿ ಜಾಸ್ತಿಯಾದಾಗ ಅವಳ ಗಂಟಲೂ ಜಾಸ್ತಿಯಾಗುತ್ತದೆ, ಅಷ್ಟೇ. ಆದರೂ ‘ಆಟದ ಸಾಮಾನು’ ಎಂಬ ಮಾತು ಬುಗುರಿಗೆ ಚುರ್ ಎಂದಿತು. ತಿರುಗಿ ನೋಡಿದರೆ ಅಜ್ಜಿ ಕಿವಿಯ ಮಷಿನ್ ತೆಗೆದು ಡಬ್ಬಿಗೆ ಹಾಕುತ್ತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ ಏನೋ. ಎದ್ದು ಹೋಗಿ ಹೊಲಿಗೆ ಮಷಿನ್ನಿನ ಮೇಲೆ ಬಟ್ಟೆ ಹೊದಿಸಿ ಮಲಗಿಬಿಟ್ಟಳು.

ಬುಗುರಿ ಕೂಡಲೇ ತನಿಖೆಗೆ ಇಳಿದಳು. ಆರೂ ಸೆಲ್ಲುಗಳನ್ನು ಟಾರ್ಚಿಗೆ ಹಾಕಿ ನೋಡಿದಳು. ಚೆನ್ನಾಗಿಯೇ ಇದ್ದವು. ಬಟನ್ ಸರಿಯಾಗಿತ್ತು. ತಂತಿಯ ಮೇಲೆ ಬೆರಳಾಡಿಸುತ್ತ ಅಡುಗೆಮನೆಗೆ ಹೋದಳು. ಬಲ್ಬು ಇತ್ತು. ಹೊಲಿಗೆ ಮಷಿನ್ನಿನ ಹತ್ತಿರ ಹೋದಳು. ಬಲ್ಬು ಇತ್ತು. ಹಿಂದಿನ ರೂಮಿಗೆ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಕೆಂಪು ಲೋಟ ಎತ್ತಿದಳು.

ಹೋಲ್ಡರ್ ಖಾಲಿ!

ಬಲ್ಬು ಇಲ್ಲದ ಕಡೆ ದಾರಿಯೇ ಕಡಿದುಹೋಗಿತ್ತು. ಇದ್ದದ್ದೇ ಒಂದು ದಾರಿ. ಕರೆಂಟ್ ಹೊರಟರೆ ಮೂರೂ ಬಲ್ಬುಗಳನ್ನು ದಾಟಿಯೇ ಡಬ್ಬಿಗೆ ವಾಪಸ್ ಬರಬೇಕು. ನಡುವೆ ಎಲ್ಲಿ ಕಡಿದರೂ ಅದು ಹೊರಡುವುದೇ ಇಲ್ಲ. ಆಗ ಚೆನ್ನಾಗಿರುವ ಬಲ್ಬುಗಳೂ ಸುಮ್ಮನೆ ಕೂರುತ್ತವೆ. ಬುಗುರಿಯ ಸೈನ್ಸ್ ಪುಸ್ತಕದಲ್ಲಿ ಇದಕ್ಕೆ ‘ಸೀರೀಸ್’ ಎಂಬ ಹೆಸರಿತ್ತು. ಆ ಪಾಠ ಓದುವಾಗ ಅವಳಿಗೆ ಅದರಲ್ಲಿ ಇಷ್ಟು ದೊಡ್ಡ ತಾಪತ್ರಯ ಅಡಗಿದೆ ಎಂದು ಅನಿಸಿರಲಿಲ್ಲ.

“ಪೀಪೀ!”

“ನಾನಲ್ಲ!” ಎಂದ ಪೀಪಿ, ಏನು ಎಂದು ಕೇಳುವ ಮೊದಲೇ. ಅವನ ಅಭ್ಯಾಸವೇ ಹಾಗೆ. ಪಾಪ, ಅದೇ ಅವನಿಗೆ ಮುಳುವಾಯಿತು.

“ಏನು ಅಂತ ಕೇಳದೆ ‘ನಾನಲ್ಲ’ ಅಂತೀಯಲ್ಲ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು! ಎಲ್ಲಿ ಬಲ್ಬು?”

“ನಾನು ತಗೊಂಡಿಲ್ಲ ಅಕ್ಕಾ, ನಿಜವಾಗ್ಲೂ!”

“ನಿನ್ನ ಕಾರಿಗೆ ಲೈಟ್ ಬೇಕು ಅಂತಿದ್ದೆ ತಾನೆ? ನಿನ್ನಿಂದ್ಲೇ ಅಜ್ಜಿ ಹೋಗ್ತಾ ಇರೋದು. ಗೊತ್ತಾಯ್ತಾ? ನಿನ್ನಿಂದ್ಲೇ!”

ಪೀಪಿಯ ಬಾಯಿ ತೆರೆದುಕೊಂಡಿತು. ಆದರೆ ಸದ್ದು ಬರಲಿಲ್ಲ. ಜೋರಾಗಿ ಅತ್ತಿದ್ದರೆ ಬುಗುರಿಗೂ ಸಮಾಧಾನವಾಗುತ್ತಿತ್ತೇನೋ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಅವನ ಬೆನ್ನು ಮಾತ್ರ ಅಲುಗುತ್ತಿತ್ತು.

ಬೆಳಿಗ್ಗೆ ಶನಿವಾರ. ಪೀಪಿಯ ಅಂಗಿಯ ಗುಂಡಿ ಕಿತ್ತುಹೋಗಿತ್ತು. ಅಜ್ಜಿ ಕಿವಿಗೆ ಮಷಿನ್ ಹಾಕಿಕೊಂಡು, ಗುಂಡಿಗಳ ಡಬ್ಬ ತೆರೆದು ಹುಡುಕತೊಡಗಿದಳು. ದೊಡ್ಡಮ್ಮ ಅಲ್ಲೇ ಸೊಪ್ಪು ಬಿಡಿಸುತ್ತಿದ್ದಳು.

ಡಬ್ಬದೊಳಗೆ ಬಿಳಿ ಗುಂಡಿ, ಕರಿ ಗುಂಡಿ, ಒಂದಕ್ಕೊಂದು ಜೊತೆಯಿಲ್ಲದ ಬಣ್ಣಬಣ್ಣದ ಗುಂಡಿಗಳು. ನಡುವೆ ಹತ್ತಿಯಲ್ಲಿ ಸುತ್ತಿದ ಒಂದು ಪುಟ್ಟ ಗಂಟು. ಅಜ್ಜಿ ಅದನ್ನು ಜೋಪಾನವಾಗಿ ಪಕ್ಕಕ್ಕಿಟ್ಟಳು.

“ಅಜ್ಜೀ, ಅದೇನು?” ಎಂದಳು ಬುಗುರಿ.

“ಅದಾ? ನಿನ್ನ ಬಲ್ಬು ಕಣೇ.”

ಬುಗುರಿ ಕಣ್ಣು ಬಾಯಿ ಬಿಟ್ಟು ನೋಡಿದಳು.

“ಹಗಲು ಹೊತ್ತು ಆ ಹಿಂದಿನ ರೂಮಲ್ಲಿ ಯಾರಿರ್ತಾರೆ? ಖಾಲಿ ರೂಮಿಗೆ ಯಾಕೆ ದೀಪ? ದಂಡ. ಆರಿಸೋಣ ಅಂದ್ರೆ ನೀನು ಅದಕ್ಕೆ ಸ್ವಿಚ್ಚೇ ಇಟ್ಟಿಲ್ಲ. ಅದಕ್ಕೆ ಬಿಚ್ಚಿ ಇಟ್ಟೆ. ಒಡೀಬಾರ್ದು ಅಂತ ಹತ್ತಿ ಸುತ್ತಿದೀನಿ ನೋಡು,” ಎಂದು ಅಜ್ಜಿ ಹೆಮ್ಮೆಯಿಂದ ತೋರಿಸಿದಳು.

ಈ ಅಜ್ಜಿಯನ್ನು ನೀವು ಸ್ವಲ್ಪ ತಿಳಿದುಕೊಳ್ಳಬೇಕು. ಖಾಲಿ ರೂಮಿನಲ್ಲಿ ಫ್ಯಾನ್ ತಿರುಗುತ್ತಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ನಲ್ಲಿ ತೊಟ್ಟಿಕ್ಕುತ್ತಿದ್ದರೆ ನಿದ್ದೆ ಬರುವುದಿಲ್ಲ. ಮೆಟ್ಟಿಲ ದೀಪ ಹಗಲಿನಲ್ಲಿ ಉರಿಯುತ್ತಿದ್ದರೆ ಕೆಳಗಿನವರೆಗೂ ಇಳಿದು ಹೋಗಿ ಆರಿಸಿ ಬರುತ್ತಾಳೆ. ಇಡೀ ಕಟ್ಟಡದವರಿಗೂ ಇದು ಗೊತ್ತು.

“ಅಜ್ಜೀ, ಒಂದು ಬಿಚ್ಚಿದ್ರೆ ಮೂರೂ ಆರಿಹೋಗುತ್ತೆ! ಅದಕ್ಕೇ ನಿನ್ನೆ...” ಎಂದವಳು ಅರ್ಧಕ್ಕೇ ನಿಲ್ಲಿಸಿದಳು. ಆದರೆ ಬಾಯಿಂದ ಹೊರಟ ಮಾತು ಹೊರಟೇ ಹೋಗಿತ್ತು.

ದೊಡ್ಡಮ್ಮ ಸೊಪ್ಪು ಬಿಟ್ಟು ನಕ್ಕುಬಿಟ್ಟಳು. “ಅಂದ್ರೆ ನನ್ನನ್ನ ಮೆಟ್ಟಿಲ ಮೇಲೆ ಕೂರಿಸಿದ್ದು ಅಮ್ಮನೇ! ನೋಡಿದ್ಯಾ ಅಮ್ಮಾ, ನಿನಗೆ ಇದೆಲ್ಲ ಆಗಲ್ಲ. ಸುಮ್ಮನೆ ನನ್ನ ಜೊತೆ ಬಾ.”

ಅಜ್ಜಿ ನಗಲಿಲ್ಲ. ಹತ್ತಿಯ ಗಂಟನ್ನು ಬುಗುರಿಯ ಕೈಗಿಟ್ಟಳು.

“ನಾನೇ ಕೆಡಿಸಿದ್ನಾ?” ಎಂದಳು. ಆಮೇಲೆ ಸಣ್ಣ ದನಿಯಲ್ಲಿ, “ಇನ್ನು ಮೇಲೆ ಯಾವುದನ್ನೂ ಮುಟ್ಟಲ್ಲ ಬಿಡು.”

ಪೀಪಿ ಅಕ್ಕನನ್ನು ನೋಡಿದ. ಬುಗುರಿಗೆ ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಎನಿಸಿತು.

ಅವಳು ಬಲ್ಬನ್ನು ತಿರುಗಿಸಿ ಕೂರಿಸಿದಳು. ಬಟನ್ ಒತ್ತಿದರೆ ಮೂರೂ ಉರಿದವು. ಇನ್ನು ಯಾರೂ ಬಿಚ್ಚದಂತೆ ಸುತ್ತ ಟೇಪ್ ಅಂಟಿಸಿದಳು. ರಿಪೇರಿ ಆಗಿತ್ತು. ಆದರೆ ಅವಳಿಗೆ ಒಂದು ಚೂರೂ ಖುಷಿಯಾಗಲಿಲ್ಲ.

ಯಾಕೆಂದರೆ ಅಜ್ಜಿ ಹೇಳಿದ ಹಾಗೆಯೇ ನಡೆದುಕೊಳ್ಳತೊಡಗಿದ್ದಳು. ಹೊಲಿಗೆ ಮಷಿನ್ನಿನ ಬಟ್ಟೆ ತೆಗೆಯಲೇ ಇಲ್ಲ. ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಹಿಂದಿನ ರೂಮಿನಲ್ಲಿ ಯಾರೂ ಇರಲಿಲ್ಲ, ಫ್ಯಾನ್ ಗಿರ್ರೆಂದು ತಿರುಗುತ್ತಿತ್ತು. ಅಜ್ಜಿ ಆ ಬಾಗಿಲ ಮುಂದೆಯೇ ಹಾದುಹೋದಳು. ಸ್ವಿಚ್ಚಿನ ಕಡೆ ಕೈ ಹೋಯಿತು. ತಟ್ಟನೆ ನಿಂತಿತು. ಅವಳು ಕೈ ಹಿಂದೆ ತೆಗೆದುಕೊಂಡು ಮುಂದೆ ನಡೆದಳು.

ಅದನ್ನು ನೋಡಿ ಬುಗುರಿಗೆ ಅಳು ಬಂದುಬಿಟ್ಟಿತು. ಅಜ್ಜಿ ಇನ್ನೂ ಇಲ್ಲೇ ಇದ್ದಳು. ಆದರೂ ಅರ್ಧ ಅಜ್ಜಿ ಆಗಲೇ ದೊಡ್ಡಮ್ಮನ ಜೊತೆ ಹೊರಟುಹೋದ ಹಾಗಿತ್ತು.

ಮಧ್ಯಾಹ್ನ ಅಮ್ಮ, “ಅವನ ತಲೆ ಕಾಡಾಗಿದೆ, ಕಟಿಂಗ್ ಮಾಡಿಸ್ಕೊಂಡು ಬಾ,” ಎಂದು ಪೀಪಿಯನ್ನು ಬುಗುರಿಯ ಜೊತೆ ಕಳಿಸಿದಳು. ದಾರಿಯುದ್ದಕ್ಕೂ ಪೀಪಿ ಒಂದು ಹೆಜ್ಜೆ ಹಿಂದೆಯೇ ನಡೆದ.

“ಸಾರಿ ಕಣೋ,” ಎಂದಳು ಬುಗುರಿ, ಬೀದಿಯ ತಿರುವಿನಲ್ಲಿ.

“ಏನು? ಕೇಳಿಸ್ಲಿಲ್ಲ.”

“ಸಾರಿ!”

“ಇನ್ನೊಂದ್ಸಲ.”

“ಹೋಗೋ!” ಎಂದಳು ಬುಗುರಿ. ಪೀಪಿ ಹಲ್ಲು ಕಿರಿದು ಪಕ್ಕಕ್ಕೆ ಬಂದು ನಡೆದ.

ಕಟಿಂಗ್ ಶಾಪಿನ ಮಾಮ ಪೀಪಿಯನ್ನು ಕುರ್ಚಿಯ ಮೇಲೊಂದು ಹಲಗೆ ಹಾಕಿ ಕೂರಿಸಿದರು. ಅವನ ಕುತ್ತಿಗೆಗೆ ಬಟ್ಟೆ ಸುತ್ತಿದರು. ದೊಡ್ಡ ಕನ್ನಡಿಯ ನೆತ್ತಿಯ ಮೇಲೆ ಬಲ್ಬುಗಳ ಸಾಲು. ಬುಗುರಿ ಬೆಂಚಿನ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತು ಅದನ್ನೇ ನೋಡುತ್ತಿದ್ದವಳು ಒಮ್ಮೆಲೇ ಎದ್ದು ನಿಂತಳು.

“ಮಾಮಾ, ನಡುವಿನ ಬಲ್ಬು ಹೋಗಿದೆ!”

“ಅದು ಹೋಗಿ ಕಾಲವಾಯ್ತು ಮಗಾ. ಬದಲಾಯಿಸಬೇಕು, ಬದಲಾಯಿಸಬೇಕು ಅಂತಾನೇ ಇದೀನಿ.”

“ಅದು ಹೋದ್ರೂ ಪಕ್ಕದವು ಹೇಗೆ ಉರೀತಿವೆ?”

ಮಾಮ ಕತ್ತರಿ ನಿಲ್ಲಿಸಿ ಮೇಲೆ ನೋಡಿದರು. “ಒಬ್ಬ ರಜಾ ಹಾಕಿದ ಅಂತ ಎಲ್ಲರೂ ಮನೇಗೆ ಹೋಗ್ತಾರಾ? ಅವುಗಳ ಪಾಡಿಗೆ ಅವು ಉರೀತವೆ.”

“ಆದ್ರೆ ಹೇಗೆ?”

“ನನಗೆ ಕೂದಲು ಗೊತ್ತು ಮಗಾ, ಕರೆಂಟ್ ಗೊತ್ತಿಲ್ಲ.” ಬುಗುರಿಯ ಮುಖ ನೋಡಿ ಅವರಿಗೆ ಏನನಿಸಿತೋ, ಕತ್ತರಿ ಜೇಬಿಗೆ ಹಾಕಿಕೊಂಡರು. “ಹಿಂದೆ ಹಲಗೆ ಇದೆ, ತೆಗೆದು ತೋರಿಸ್ಲಾ? ತಡಿ. ಮೊದಲು ಮೇನ್ ಆಫ್ ಮಾಡ್ತೀನಿ. ಇದು ನಿನ್ನ ಟಾರ್ಚಿನ ಸೆಲ್ ಅಲ್ಲ, ಹಿಡಿದ್ರೆ ಬಿಡಲ್ಲ. ಕಣ್ಣಲ್ಲಿ ನೋಡು, ಕೈ ಕಟ್ಟಿಕೋ.”

ಅಂಗಡಿಯ ದೀಪಗಳೆಲ್ಲ ಆರಿದವು. ಮಾಮ ಕನ್ನಡಿಯ ಮೇಲಿನ ಹಲಗೆ ಸರಿಸಿದರು. ಬುಗುರಿ ಕೈಕಟ್ಟಿ ಸ್ಟೂಲಿನ ಮೇಲೆ ನಿಂತು ಬಗ್ಗಿ ನೋಡಿದಳು. ಅರ್ಧ ತಲೆ ಕಾಡು, ಅರ್ಧ ತಲೆ ಬಯಲಾಗಿ ಕೂತಿದ್ದ ಪೀಪಿ, “ನಂದು ಮುಗಿಸಿ ನೋಡ್ಬಾರ್ದಾ?” ಎಂದು ಗೊಣಗಿದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಲಗೆಯ ಹಿಂದೆ ಎರಡು ತಂತಿಗಳು ಅಕ್ಕಪಕ್ಕದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಹೋಗಿದ್ದವು. ಪ್ರತಿ ಬಲ್ಬಿನ ಒಂದು ಕಾಲು ಈ ತಂತಿಗೆ, ಇನ್ನೊಂದು ಕಾಲು ಆ ತಂತಿಗೆ. ನೋಡಲು ಮಲಗಿಸಿದ ಏಣಿಯ ಹಾಗಿತ್ತು. ಏಣಿಯ ಒಂದು ಮೆಟ್ಟಿಲು ಮುರಿದರೂ ಉದ್ದದ ಎರಡು ಕೋಲುಗಳು ಹಾಗೇ ಇರುತ್ತವಲ್ಲ! ಕರೆಂಟ್ ಈ ತಂತಿಯಲ್ಲಿ ಬಂದು, ಯಾವ ಬಲ್ಬು ಇದೆಯೋ ಅದರ ಮೂಲಕ ಆ ತಂತಿಗೆ ದಾಟಿ, ವಾಪಸ್ ಹೋಗುತ್ತದೆ. ಪ್ರತಿ ಬಲ್ಬಿಗೂ ಅದರದ್ದೇ ದಾರಿ. ಒಂದು ಬಲ್ಬು ಇನ್ನೊಂದನ್ನು ಕೇಳಬೇಕಾಗಿಲ್ಲ.

“ಪ್ಯಾರಲಲ್!” ಎಂದು ಕೂಗಿದಳು ಬುಗುರಿ. ಸ್ಟೂಲು ಅಲುಗಾಡಿತು.

“ಏನೋ ಒಂದು. ಇಳಿ ಮೊದಲು, ಬಿದ್ದೀಯ!” ಎಂದರು ಮಾಮ.

ಮನೆಗೆ ಬಂದವಳೇ ಬುಗುರಿ ತಂತಿಗಳ ಮುಂದೆ ಕೂತಳು. ಹೊಸ ತಂತಿ ಬೇಕಾಗಬಹುದು ಎಂದುಕೊಂಡಿದ್ದಳು. ನೋಡಿದರೆ ಡಬ್ಬಿಗೆ ವಾಪಸ್ ಬರುವ ತಂತಿ, ಹೋಗುವ ತಂತಿಯ ಪಕ್ಕದಲ್ಲೇ ಇತ್ತು! ಏಣಿಯ ಎರಡು ಕೋಲುಗಳೂ ಆಗಲೇ ಗೋಡೆಯ ಮೇಲಿದ್ದವು. ಮೆಟ್ಟಿಲು ಕಟ್ಟುವುದಷ್ಟೇ ಬಾಕಿ.

ಪೀಪಿ ಟೇಪ್ ಕತ್ತರಿಸಿ ಕತ್ತರಿಸಿ ಕೊಟ್ಟ. ಬುಗುರಿ ಬಲ್ಬುಗಳನ್ನು ಬಿಚ್ಚಿ, ಹೋಗುವ ತಂತಿ ಎಲ್ಲೆಲ್ಲಿ ಕಡಿದಿತ್ತೋ ಅಲ್ಲೆಲ್ಲ ಜೋಡಿಸಿ ಉದ್ದಕ್ಕೆ ಒಂದೇ ಮಾಡಿದಳು. ಆಮೇಲೆ ಪ್ರತಿ ಹೋಲ್ಡರಿನ ಒಂದು ಕಾಲನ್ನು ಅದಕ್ಕೆ ಕಟ್ಟಿದಳು, ಇನ್ನೊಂದನ್ನು ಪಕ್ಕದ ತಂತಿಗೆ ಕಟ್ಟಿದಳು. ಬಟನ್ ಮಾತ್ರ ಇದ್ದಲ್ಲೇ ಇತ್ತು. ಅದು ಎಲ್ಲ ಬಲ್ಬುಗಳ ಹೆಬ್ಬಾಗಿಲು, ಅದು ಒಂದೇ ಇರಬೇಕು.

“ಮೊದಲು ಅಡುಗೆಮನೇದು ಹಾಕಿ ನೋಡೋಣ. ಹೋಗಿ ಒತ್ತೋ.”

ಪೀಪಿ ಓಡಿಹೋಗಿ ಒತ್ತಿದ. ಬಲ್ಬು ಫಳ್ಳೆಂದು ಬೆಳ್ಳಗೆ ಹೊಳೆಯಿತು. ಟಪ್! ಮರುಗಳಿಗೆ ಗಾಜಿನೊಳಗೆಲ್ಲ ಕಪ್ಪು.

ಬುಗುರಿ ತಲೆಗೆ ಕೈ ಹೊತ್ತು ಕೂತಳು. ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದಳಲ್ಲ! ಸೆಲ್ಲುಗಳ ಡಬ್ಬಿಯನ್ನು ಬಹಳ ಹೊತ್ತು ನೋಡಿದ ಮೇಲೆ ಅವಳಿಗೆ ಹೊಳೆಯಿತು. ಆರು ಸೆಲ್ ಇಟ್ಟದ್ದು ಮೂರು ಬಲ್ಬುಗಳು ಹಂಚಿಕೊಳ್ಳುತ್ತಿದ್ದವು ಎಂದು. ಈಗ ಹಂಚಿಕೊಳ್ಳುವ ಮಾತೇ ಇಲ್ಲ. ಆರು ಸೆಲ್ಲಿನ ಪೂರ್ತಿ ದೂಕು ಆ ಒಂದು ಬಡಪಾಯಿ ಬಲ್ಬಿನ ಮೇಲೆ ಬಿದ್ದಿತ್ತು.

ಅವಳು ನಾಲ್ಕು ಸೆಲ್ ಹೊರಗೆ ತೆಗೆದಳು. ಎರಡೇ ಉಳಿದವು. ಆದರೆ ಈಗ ಒಂದು ಬಲ್ಬು ಕಮ್ಮಿ. ಅಂಗಡಿ ಮುಚ್ಚುವ ಹೊತ್ತು.

ಪೀಪಿ ಒಳಗೆ ಹೋದ. ತನ್ನ ದಿಂಬಿನ ಕೆಳಗಿನ ಟಾರ್ಚ್ ತಂದ. ಅದಿಲ್ಲದೆ ಅವನು ರಾತ್ರಿ ಬಚ್ಚಲಿಗೂ ಹೋಗುವವನಲ್ಲ. ಮುಖ ಆ ಕಡೆ ತಿರುಗಿಸಿಕೊಂಡು ಅದನ್ನು ಅಕ್ಕನ ಮಡಿಲಿಗೆ ಹಾಕಿದ.

“ಬಲ್ಬು ತಗೋ. ಬಚ್ಚಲಿಗೆ ಮಾತ್ರ ನೀನು ಜೊತೆಗೆ ಬರಬೇಕು. ಎಬ್ಬಿಸಿದ ತಕ್ಷಣ ಏಳಬೇಕು. ‘ಆಮೇಲೆ’ ಅನ್ನಬಾರ್ದು.”

“ಆಯ್ತು ಸ್ವಾಮೀ,” ಎಂದಳು ಬುಗುರಿ. ಅವನ ಅರ್ಧ ದಿನದ ಹೊಸ ಕಟಿಂಗ್ ತಲೆಯನ್ನು ಸವರಿದಳು. ಅವನು ತಪ್ಪಿಸಿಕೊಳ್ಳಲಿಲ್ಲ.

ಎರಡೇ ಸೆಲ್ಲಿಗೆ ಮೂರೂ ಬಲ್ಬುಗಳು ಮೊದಲಿನಷ್ಟೇ ಚೆನ್ನಾಗಿ ಹೊತ್ತಿಕೊಂಡವು. ಬುಗುರಿಗೆ ಅದನ್ನು ನಂಬಲೇ ಆಗಲಿಲ್ಲ. ಮೂರೂ ತಮ್ಮ ತಮ್ಮ ಪಾಲು ಎಳೆದುಕೊಳ್ಳುವುದರಿಂದ ಸೆಲ್ಲುಗಳು ಬೇಗ ಸುಸ್ತಾಗುತ್ತವೆ ಎಂಬುದು ನಿಜ. ಅದಕ್ಕೇನು, ಹೊರಗೆ ತೆಗೆದ ನಾಲ್ಕು ಸೆಲ್ ಇದ್ದವಲ್ಲ!

ಭಾನುವಾರ ಬೆಳಿಗ್ಗೆ ಎರಡು ಬ್ಯಾಗುಗಳು ಬಾಗಿಲ ಹತ್ತಿರ ಬಂದು ಕೂತವು. ಒಂದು ದೊಡ್ಡಮ್ಮನದು. ಇನ್ನೊಂದು ಅಜ್ಜಿಯದು. ಅಜ್ಜಿ ಬಟ್ಟೆ ಮಡಿಸಿ ತುಂಬುವಾಗ ಯಾರ ಮುಖವನ್ನೂ ನೋಡಲಿಲ್ಲ.

“ದೊಡ್ಡಮ್ಮಾ, ಒಂದೇ ಒಂದ್ಸಲ,” ಎಂದಳು ಬುಗುರಿ. “ನೀವು ಹೊರಗೆ ಹೋಗಿ ಬಟನ್ ಒತ್ತಿ. ಅಜ್ಜಿ ಬಂದು ಬಾಗಿಲು ತೆಗೀಲಿಲ್ಲ ಅಂದ್ರೆ ಕರಕೊಂಡು ಹೋಗಿ. ನಾನು ಅಳಲ್ಲ.”

“ನಾನು ಅಳ್ತೀನಿ,” ಎಂದ ಪೀಪಿ.

“ನಿನ್ನೆ ಟೇಪ್ ಸುತ್ತಿ ಭದ್ರ ಮಾಡಿದ್ಯಲ್ಲ, ಉರಿಯುತ್ತೆ ಬಿಡು. ನಾಳೆ ಅಮ್ಮ ಮತ್ತೆ ಬಿಚ್ಚಿದ್ರೆ?” ಎಂದಳು ದೊಡ್ಡಮ್ಮ.

ಬುಗುರಿ ಅಜ್ಜಿಯ ಕೈಹಿಡಿದು ಹಿಂದಿನ ರೂಮಿಗೆ ಕರೆದುಕೊಂಡು ಹೋದಳು. ಕೆಂಪು ಲೋಟ ಎತ್ತಿದಳು. ಅದರ ಕೆಳಗೆ ಟೇಪಿನ ಗುರುತೂ ಇರಲಿಲ್ಲ.

“ತೆಗಿ ಅಜ್ಜೀ.”

“ಬೇಡ ಕಂದಾ. ಆಮೇಲೆ ಎಲ್ಲಾನೂ ಆರಿಹೋಗುತ್ತೆ.”

“ಇದು ಖಾಲಿ ರೂಮು ತಾನೆ? ದಂಡ ತಾನೆ? ತೆಗಿ.”

ಅಜ್ಜಿ ಮೊಮ್ಮಗಳ ಮುಖವನ್ನು ದಿಟ್ಟಿಸಿ ನೋಡಿದಳು. ಮೆಲ್ಲಗೆ ಕೈ ಚಾಚಿ ಬಲ್ಬನ್ನು ತಿರುಗಿಸಿ ತಿರುಗಿಸಿ ಬಿಚ್ಚಿದಳು. ಮಗುವನ್ನು ಎತ್ತಿಕೊಂಡಷ್ಟು ಜೋಪಾನವಾಗಿ ಹಿಡಿದು ತಂದು ಹತ್ತಿಯಲ್ಲಿ ಸುತ್ತಿ ಗುಂಡಿಗಳ ಡಬ್ಬಕ್ಕೆ ಹಾಕಿದಳು. ಕಿವಿಯ ಮಷಿನ್ನನ್ನೂ ತೆಗೆದಿಟ್ಟಳು. ಹೊಲಿಗೆ ಮಷಿನ್ನಿನ ಮೇಲಿನ ಬಟ್ಟೆ ಸರಿಸಿ ಕೂತಳು.

ದೊಡ್ಡಮ್ಮ ಹೊರಗೆ ಹೋದಳು. ಬಾಗಿಲು ಮುಚ್ಚಿತು. ಅಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಅವಳ ಕೈಯಲ್ಲಿದ್ದ ಸೌಟು ಹಾಗೇ ಇತ್ತು. ಪೀಪಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ.

ಕೆಂಪು ಲೋಟ ಹೊಳೆಯಿತು.

ಅಜ್ಜಿಯ ಕಾಲು ಮಷಿನ್ನಿನ ಮೇಲೆ ನಿಂತಿತು. ಒಮ್ಮೆ ಹಿಂದಿನ ರೂಮಿನ ಕಡೆ ನೋಡಿದಳು, ಒಮ್ಮೆ ಕೆಂಪು ಲೋಟದ ಕಡೆ ನೋಡಿದಳು. ಮುಖವೆಲ್ಲ ಅರಳಿತು. “ಬಂದೇ, ಬಂದೇ!” ಎಂದು ಗಟ್ಟಿಯಾಗಿ ಕೂಗುತ್ತ ಹೋಗಿ ಬಾಗಿಲು ತೆಗೆದಳು. ಸೊಂಟಕ್ಕೆ ಕೈ ಇಟ್ಟುಕೊಂಡು ಮಗಳನ್ನು ಮೇಲಿಂದ ಕೆಳಗೆ ನೋಡಿದಳು.

“ಯಾರಮ್ಮಾ ನೀನು? ಯಾರು ಬೇಕಿತ್ತು?”

ದೊಡ್ಡಮ್ಮ ನಗು ತಡೆದುಕೊಳ್ಳಲು ನೋಡಿದಳು. ಆಗಲಿಲ್ಲ. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು.

“ನಮ್ಮಮ್ಮ ಬೇಕಿತ್ತು,” ಎಂದಳು. “ಆದ್ರೆ ಅವರು ಬರೋ ಹಾಗೆ ಕಾಣ್ತಿಲ್ಲ.”

ಆಮೇಲೆ ಹೋಗಿ ಖಾಲಿ ಹೋಲ್ಡರನ್ನು ಮೂರು ಸಲ ನೋಡಿ ಬಂದಳು. ತಾನೇ ಎರಡು ಸಲ ಬಟನ್ ಒತ್ತಿ ನೋಡಿದಳು. ಊಟ ಮಾಡಿದಳು. ದಿನಾ ಸಂಜೆ ಫೋನ್ ಮಾಡಬೇಕು ಎಂದು ಅಮ್ಮನಿಂದ ಆಣೆ ಮಾಡಿಸಿಕೊಂಡಳು. ಮಧ್ಯಾಹ್ನ ಒಂದೇ ಬ್ಯಾಗ್ ಹಿಡಿದುಕೊಂಡು ಮೆಟ್ಟಿಲಿಳಿದಳು. ಅಜ್ಜಿ ಕಿವಿಗೆ ಮಷಿನ್ ಹಾಕಿಕೊಂಡು, ತನ್ನ ಬ್ಯಾಗನ್ನು ಎತ್ತಿಕೊಂಡು ಒಳಗೆ ನಡೆದಳು. ಹೋಗುವ ದಾರಿಯಲ್ಲೇ ಹಿಂದಿನ ರೂಮಿನ ಫ್ಯಾನ್ ಆರಿಸಿದಳು.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅವಳ ದನಿ ಕೇಳಿಸಿತು.

“ಬುಗುರೀ, ಅಡುಗೆ ಮುಗೀತು. ಇಲ್ಲಿಗೆ ಇನ್ನು ಸಂಜೇವರೆಗೂ ಯಾರೂ ಬರಲ್ಲ. ಇದನ್ನೂ ತೆಗೀಲಾ?”

“ತೆಗಿ ಅಜ್ಜೀ!”

ಪೀಪಿ ಹುಬ್ಬು ಗಂಟಿಕ್ಕಿ ಯೋಚಿಸುತ್ತಿದ್ದ. ಅಕ್ಕನ ಅಂಗಿ ಜಗ್ಗಿದ.

“ಅಕ್ಕಾ, ಯಾರಾದ್ರೂ ಬಟನ್ ಒತ್ತಿದ್ರೆ ತಾನೆ ಅದು ಉರಿಯೋದು? ಒತ್ತದೆ ಇದ್ದಾಗ ಅದು ಆರಿಯೇ ಇರುತ್ತಲ್ವಾ? ಮತ್ತೆ ಅಜ್ಜಿ ಬಿಚ್ಚಿಡೋದ್ರಿಂದ ಏನೂ...”

ಬುಗುರಿ ಥಟ್ಟನೆ ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

ಅಜ್ಜಿ ಅಡುಗೆಮನೆಯಿಂದ ಹೊರಗೆ ಬಂದಳು. ಅಂಗೈಯಲ್ಲಿ ಪುಟ್ಟ ಬಲ್ಬು ಇತ್ತು. ಅದನ್ನು ಸೆರಗಿನ ತುದಿಯಿಂದ ಒರೆಸುತ್ತ, ಇಡೀ ಮನೆಯನ್ನು ತಾನೊಬ್ಬಳೇ ನೋಡಿಕೊಳ್ಳುವವಳ ಗತ್ತಿನಲ್ಲಿ ಗುಂಡಿಗಳ ಡಬ್ಬದ ಕಡೆ ನಡೆದಳು. ಮತ್ತೆ ಆ ಹಳೆಯ ಹಾಡನ್ನು ಗುನುಗತೊಡಗಿದ್ದಳು.

ಪೀಪಿ ಅಕ್ಕನ ಕೈಯ ಹಿಂದಿನಿಂದ ಅಜ್ಜಿಯನ್ನು ನೋಡಿದ. ಆಮೇಲೆ ಅಕ್ಕನನ್ನು ನೋಡಿದ. ಬುಗುರಿ ಇಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಅವನೂ ತಲೆಯಾಡಿಸಿದ.

ಬುಗುರಿ ಕೈ ತೆಗೆದಳು. ಹತ್ತಿಯ ಸುರುಳಿಯಿಂದ ಒಂದು ತುಂಡು ಹರಿದು ಅಜ್ಜಿಗೆ ಕೊಟ್ಟಳು.